ಬಂಕರ್‌ಗೆ ಬಿದ್ದ ಚೆಂಡನ್ನು ಹೊರಗೆ ತರುವುದು ಹೇಗೆ? (ಪಿಜಿಎ ಟೂರ್ 2ಕೆ23)

ಬಂಕರ್_ಬಲಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಎರಡು ತಿಂಗಳಿಂದ ಪಿಸಿಯಲ್ಲಿ ಪಿಜಿಎ ಟೂರ್ 2ಕೆ23 ಅನ್ನುವ ಗಾಲ್ಫ್ ಆಟ ಆಡುತ್ತಿದ್ದೇನೆ. ಟೀ ಮೇಲಿನ ಹೊಡೆತ, ಅಂದರೆ ಶುರುವಿನ ಹೊಡೆತ, ಪರವಾಗಿಲ್ಲ. ಪಟ್ಟಿಂಗ್ (ಚೆಂಡನ್ನು ಕುಳಿಗೆ ಉರುಳಿಸುವುದು) ಕೂಡ ಒಂದು ಹದಕ್ಕೆ ಬಂದಿದೆ. ಆದರೆ ಚೆಂಡು ಬಂಕರ್‌ಗೆ, ಅಂದರೆ ಮರಳಿನ ಗುಂಡಿಗೆ ಬಿತ್ತು ಅಂದರೆ ನನ್ನ ಕಥೆ ಮುಗಿಯಿತು. ನಿನ್ನೆ ರಾತ್ರಿ ಒಂದು ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್). ಎರಡನೇ ಹೊಡೆತಕ್ಕೆ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಪಕ್ಕದ ಬಂಕರ್‌ಗೆ ಬಿದ್ದೆ. ಮೂರನೆಯದು ಎದುರಿನ ಅಂಚಿಗೆ ಬಡಿದು ವಾಪಸ್ ಕಾಲ ಬುಡಕ್ಕೇ ಬಂತು. ನಾಲ್ಕನೆಯದು ಗ್ರೀನ್ ಹಾರಿ ಆ ಕಡೆಯ ಬಂಕರ್‌ಗೆ. ಐದನೆಯದು ಅಲ್ಲಿಂದ ಮತ್ತೆ ಈ ಕಡೆಗೆ. ಕೊನೆಗೆ ಒಂಬತ್ತು ಬರೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ "ಇದು ಗಾಲ್ಫಾ, ಶಟಲ್ಲಾ?" ಅಂತ ಕೇಳಿದಳು.

ಗಾಲ್ಫ್ ಪಾಠದ ವಿಡಿಯೋ ನೋಡಿದರೆ ಎಲ್ಲರೂ ಹೇಳುವುದು ಒಂದೇ. ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ ತೆರೆದಿಡಿ, ಚೆಂಡಿಗೆ ಎರಡು ಇಂಚು ಹಿಂದೆ ಮರಳಿಗೆ ಹೊಡೆಯಿರಿ. ಸರಿ ಸ್ವಾಮಿ, ಆದರೆ ನನ್ನ ಕಂಟ್ರೋಲರ್‌ನಲ್ಲಿ ಎರಡು ಇಂಚು ಹಿಂದೆ ಹೊಡೆಯುವ ಬಟನ್ ಯಾವುದು?

ಮಳೆಕಾಡು

ಸುಲಭದ ಉಪಾಯ ಇದೆ ಮಾರಾಯ್ರೆ. ಬಂಕರ್ ಕಡೆಗೆ ಹೊಡೆಯಬೇಡಿ.

ಬಂಕರ್_ಬಲಿ

ದೊಡ್ಡ ಮನಸ್ಸು ನಿಮ್ಮದು. ಬೇರೆ ಏನಾದರೂ?

ಡಬಲ್_ಬೋಗಿ

ಅವರು ತಮಾಷೆಗೆ ಹೇಳಿದ್ದರೂ ಮಾತು ಸುಳ್ಳಲ್ಲ. 2000ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಬ್ರಿಟಿಷ್ ಓಪನ್ ಟೂರ್ನಿ ಆದಾಗ ಟೈಗರ್ ವುಡ್ಸ್ ನಾಲ್ಕು ದಿನ, 72 ಹೋಲ್, ಒಂದೇ ಒಂದು ಬಂಕರ್‌ಗೂ ಬೀಳಲಿಲ್ಲ. ಅಲ್ಲಿ ಇರುವುದು 112 ಬಂಕರ್. ಎಂಟು ಸ್ಟ್ರೋಕ್ (ಹೊಡೆತ) ಅಂತರದಲ್ಲಿ ಗೆದ್ದ.

ಆದರೆ ನೀವು ಟೈಗರ್ ಅಲ್ಲ, ನಾನೂ ಅಲ್ಲ. ಹಾಗಾಗಿ ಮೊದಲು ಮೂರು ಪ್ರಶ್ನೆ. ಕಂಟ್ರೋಲರ್‌ನ ಕಡ್ಡಿ ಎಳೆದು ಹೊಡೆಯುತ್ತೀರಾ, ಬಟನ್ ಮೂರು ಸಲ ಒತ್ತುವ ಮೂರು ಕ್ಲಿಕ್ಕಾ? ಮರಳಿನಲ್ಲಿ ಇರುವಾಗ ಹೊಡೆತದ ಬಗೆ ಬದಲಿಸುತ್ತೀರಾ, ಇಲ್ಲ ಆಟ ಕೊಟ್ಟಿದ್ದನ್ನೇ ಹೊಡೆಯುತ್ತೀರಾ? ಗುರಿಯ ಗುರುತನ್ನು ಎಲ್ಲಿ ಇಡುತ್ತೀರಿ?

ಬಂಕರ್_ಬಲಿ

ಕಡ್ಡಿ. ಬಗೆ ಬದಲಿಸುವುದಿಲ್ಲ, ಮರಳಿಗೆಂದೇ ಇರುವ ಸ್ಯಾಂಡ್ ವೆಡ್ಜ್ ಕ್ಲಬ್ ತಾನೇ ಬಂದಿರುತ್ತದೆ, ಅದರಲ್ಲೇ ನಾರ್ಮಲ್ ಹೊಡೆಯುತ್ತೇನೆ. ಗುರಿ ಬಾವುಟದ ಮೇಲೆ. ಇನ್ನೆಲ್ಲಿ ಇಡಬೇಕು?

ಡಬಲ್_ಬೋಗಿ

ರೋಗ ಸಿಕ್ಕಿತು.

ಒಂದೊಂದಾಗಿ ಹೇಳುತ್ತೇನೆ. ಎರಡು ಇಂಚಿನ ಬಟನ್ ಹುಡುಕಬೇಡಿ. ಅದು ಇಲ್ಲ. ಆ ಕೆಲಸವನ್ನು ಆಟವೇ ಮಾಡುತ್ತದೆ. ಚೆಂಡು ಮರಳಿನಲ್ಲಿ ಇದ್ದಾಗ ಹೊಡೆತದ ಬಗೆ ಬದಲಿಸುತ್ತಾ ಹೋಗಿ, ಸ್ಪ್ಲಾಶ್ ಅಂತ ಒಂದು ಸಿಗುತ್ತದೆ. ಅದನ್ನು ಆರಿಸಿದಿರಿ ಅಂದರೆ ಮುಖ ತೆರೆದಿಡುವುದು, ಹಿಂದೆ ಹೊಡೆಯುವುದು, ಮರಳಿನ ಜೊತೆ ಚೆಂಡನ್ನು ಎತ್ತುವುದು, ಎಲ್ಲ ಅದರೊಳಗೇ ಬಂತು. ನಾರ್ಮಲ್‌ನಲ್ಲಿ ಹೊಡೆದರೆ ಚೆಂಡು ತಗ್ಗಿನಲ್ಲಿ ಹೊರಡುತ್ತದೆ. ಅಂಚಿಗೆ ಬಡಿಯುತ್ತದೆ, ಇಲ್ಲ ಅಂಚು ದಾಟಿದರೆ ನಿಲ್ಲುವುದೇ ಇಲ್ಲ. ನಿಮಗೆ ಆಗಿರುವುದು ಅದೇ ಎರಡು.

ಇನ್ನು ಗುರಿ. ಬಾವುಟದ ಮೇಲೆ ಗುರಿ ಇಟ್ಟರೆ ಚೆಂಡು ಬಾವುಟದ ಹತ್ತಿರ *ಬೀಳುತ್ತದೆ*. ಆಮೇಲೆ ಉರುಳುತ್ತದೆ. ನಿಮಗೆ ಬೇಕಾಗಿರುವುದು ಅಲ್ಲಿ *ನಿಲ್ಲುವುದು*. ಬಾವುಟ 14 ಯಾರ್ಡ್ ದೂರ ಇದ್ದರೆ 9 ಅಥವಾ 10ಕ್ಕೆ ಬೀಳಿಸಿ, ಉಳಿದದ್ದನ್ನು ಉರುಳಲು ಬಿಡಿ. ಗ್ರೀನ್ ನಿಮ್ಮ ಕಡೆಗೆ ಇಳಿಜಾರಾಗಿದ್ದರೆ ಉರುಳುವುದು ಕಡಿಮೆ, ಇನ್ನೂ ಸ್ವಲ್ಪ ಮುಂದೆ ಬೀಳಿಸಿ. ಆ ಕಡೆಗೆ ಇಳಿಜಾರು ಇದ್ದರೆ ಅಂಚು ದಾಟಿದ ತಕ್ಷಣ ಬೀಳಿಸಬೇಕು. ಇಳಿಜಾರು ತೋರಿಸುವ ಜಾಲರಿಯನ್ನು ನಾವು ಪಟ್ ಮಾಡುವಾಗ ಮಾತ್ರ ನೋಡುತ್ತೇವೆ. ಮರಳಿನಲ್ಲಿ ನಿಂತಾಗಲೂ ಅದೇ ದಾರಿ, ಅದೇ ಇಳಿಜಾರು ಅಲ್ವಾ?

ಮೂರನೆಯದು ಹೆಬ್ಬೆರಳು. ಉದ್ದದ ಹೊಡೆತದಲ್ಲಿ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು ಪೂರ್ತಿ ಮುಂದಕ್ಕೆ ತಳ್ಳುತ್ತೇವೆ, ಲಯ ತಾನಾಗಿ ಬರುತ್ತದೆ. ಮರಳಿನಲ್ಲಿ ಗಾಬರಿ. ಅರ್ಧ ಎಳೆದು ಥಟ್ ಅಂತ ತಳ್ಳಿಬಿಡುತ್ತೇವೆ. ಕೆಳಗೆ ಬರುವ ವೇಗ ತಪ್ಪಿತು, ಚೆಂಡು ಓರೆಯಾಯಿತು. ಹಿಂದಕ್ಕೆ ಎಳೆದಷ್ಟೇ ನಿಧಾನವಾಗಿ, ಆದರೆ ನಿಲ್ಲಿಸದೆ ಮುಂದಕ್ಕೆ ತನ್ನಿ.

ಕ್ಯಾಡಿ_ಮಗ

ಡಬಲ್_ಬೋಗಿ ಅವರ ಎಲ್ಲ ಮಾತೂ ಒಪ್ಪುತ್ತೇನೆ, ಒಂದನ್ನು ಬಿಟ್ಟು. "ಆ ಕೆಲಸವನ್ನು ಆಟವೇ ಮಾಡುತ್ತದೆ" ಅಂತ ಬಿಟ್ಟುಬಿಟ್ಟರೆ ಯಾಕೆ ಹಾಗೆ ಆಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಗೊತ್ತಾದರೆ ಆಟದಲ್ಲೂ ಕೆಲಸಕ್ಕೆ ಬರುತ್ತದೆ.

ನಮ್ಮ ಅಪ್ಪ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕ್ಯಾಡಿ (ಆಟಗಾರರ ಕ್ಲಬ್ ಚೀಲ ಹೊರುವವರು) ಆಗಿದ್ದರು. ನಾನು ಚಿಕ್ಕವನಿದ್ದಾಗ ಬಂಕರ್‌ನಲ್ಲಿ ಕುಂಟೆ ಎಳೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಅಪ್ಪ ಹೇಳುತ್ತಿದ್ದುದು ಇಷ್ಟೇ: "ಬೇರೆ ಎಲ್ಲಾ ಕಡೆ ಚೆಂಡಿಗೆ ಹೊಡಿ. ಇಲ್ಲಿ ಮಾತ್ರ ನೆಲಕ್ಕೆ ಹೊಡಿ." ಕ್ಲಬ್ಬು ಚೆಂಡನ್ನು ಮುಟ್ಟುವುದೇ ಇಲ್ಲ. ಒಂದು ಹಿಡಿ ಮರಳು ಎದ್ದು ಬರುತ್ತದೆ, ಅದರ ಮೇಲೆ ಚೆಂಡು ಸವಾರಿ ಮಾಡಿಕೊಂಡು ಬರುತ್ತದೆ. ಬಲದ ಹೆಚ್ಚಿನ ಪಾಲು ಮರಳಿಗೇ ಹೋಗುವುದರಿಂದ ಹತ್ತು ಯಾರ್ಡ್ ಹೋಗಲು ಹುಲ್ಲಿನ ಮೇಲಿಗಿಂತ ಎರಡು ಪಟ್ಟು ಬೀಸಬೇಕು. ಹೊಸಬರಿಗೆ ಇದೇ ಹೆದರಿಕೆ. ಅಷ್ಟು ಜೋರಾಗಿ ಬೀಸಿದರೆ ಎಲ್ಲಿಗೋ ಹೋಗಿಬಿಡುತ್ತದೆ ಅಂತ ಕೊನೇ ಗಳಿಗೆಯಲ್ಲಿ ಕೈ ಹಿಡಿಯುತ್ತಾರೆ. ಚೆಂಡು ಅಲ್ಲೇ ಕೂತಿರುತ್ತದೆ.

ಸ್ಯಾಂಡ್ ವೆಡ್ಜ್‌ನ ಕೆಳಭಾಗ ನೋಡಿದ್ದೀರಾ? ದಪ್ಪಗೆ ಉಬ್ಬಿರುತ್ತದೆ. ಲಾಫ್ಟ್, ಅಂದರೆ ಮುಖದ ಓರೆ, ಸಾಮಾನ್ಯವಾಗಿ 56 ಡಿಗ್ರಿ ಆಸುಪಾಸು. ಆ ಉಬ್ಬು ಇಲ್ಲದಿದ್ದರೆ ಕ್ಲಬ್ಬು ನೇಗಿಲಿನ ಗುಳದ ಹಾಗೆ ಮರಳಿನೊಳಗೆ ಇಳಿದುಬಿಡುತ್ತದೆ. ಉಬ್ಬು ಇರುವುದರಿಂದ ಜಾರಿಕೊಂಡು ಮೇಲೆ ಬರುತ್ತದೆ. ಜೀನ್ ಸಾರಾಜೆನ್ ಅನ್ನುವ ಅಮೆರಿಕದ ಆಟಗಾರ ಹಳೇ ಕ್ಲಬ್ಬಿನ ತಳಕ್ಕೆ ಸೀಸ ಬೆಸುಗೆ ಹಾಕಿ ಇದನ್ನು ಮಾಡಿಕೊಂಡು, 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ವಿಮಾನ ಮೇಲೇಳುವಾಗ ಅದರ ಹಿಂಭಾಗ ಹೇಗೆ ಬಾಗುತ್ತದೆ ಅಂತ ನೋಡಿ ಈ ಯೋಚನೆ ಬಂತು ಅಂತ ಅವನೇ ಹೇಳಿಕೊಂಡಿದ್ದಾನೆ.

ಬಂಕರ್_ಬಲಿ

ಅಣ್ಣ, ಇದು ಯಾವ ವಿಡಿಯೋದಲ್ಲೂ ಇಷ್ಟು ಸಲೀಸಾಗಿ ಅರ್ಥ ಆಗಿರಲಿಲ್ಲ. "ಕೈ ಹಿಡಿಯುವುದು" ಅಂದಿರಲ್ಲ, ನಾನು ಹೆಬ್ಬೆರಳಿನಲ್ಲಿ ಮಾಡುತ್ತಿರುವುದೂ ಅದೇ.

ಚಳಿ_ಊರಿನವಳು

ಕಾಲೇಜಿನಲ್ಲಿ ನಾವು ಮೂವರು ಸೇರಿ ಒಂದು ಪುಟ್ಟ ಗಾಲ್ಫ್ ಆಟ ಬರೆದಿದ್ದೆವು, ಪ್ರಾಜೆಕ್ಟ್‌ಗೆ. ಅದರ ಅನುಭವದಿಂದ ಹೇಳುತ್ತೇನೆ.

ಅದರಲ್ಲಿ ಮರಳಿನ ಕಣ ಅನ್ನುವುದೇ ಇರಲಿಲ್ಲ. ತೆರೆಯ ಮೇಲೆ ಮರಳು ಚಿಮ್ಮುವುದು ಬರೀ ಅಲಂಕಾರ. ಒಳಗೆ ಇದ್ದದ್ದು ಎರಡು ಮೂರು ಸಂಖ್ಯೆ. ಚೆಂಡು ಕೂತಿರುವ ಜಾಗ ಯಾವುದು ಅಂತ ನೋಡುತ್ತಿದ್ದೆವು. ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ) ಆದರೆ ವೇಗ ನೂರಕ್ಕೆ ನೂರು. ಮರಳಾದರೆ ವೇಗವನ್ನು ಒಂದು ಸಂಖ್ಯೆಯಿಂದ ಗುಣಿಸು, ಸ್ಪಿನ್ನನ್ನು ಇನ್ನೊಂದರಿಂದ ಗುಣಿಸು. ಆ ಸಂಖ್ಯೆ ಒಂದೇ ಆಗಿದ್ದರೆ ಆಟ ಸಪ್ಪೆ, ಅದಕ್ಕೆ ಒಂದು ಅಳತೆಯೊಳಗೆ ಯಾವುದೋ ಒಂದನ್ನು ಚೀಟಿ ಎತ್ತುತ್ತಿದ್ದೆವು. ಪರದೆಯ ಮೂಲೆಯಲ್ಲಿ ಚೆಂಡಿನ ಲೈ (ಕೂತಿರುವ ಸ್ಥಿತಿ) ಪಕ್ಕ ಶೇಕಡಾ ಲೆಕ್ಕ ಬರುವ ಆಟಗಳಲ್ಲಿ ಇದೇ ನಿಮ್ಮ ಕಣ್ಣಿಗೆ ಕಾಣುವುದು.

ಚೆಂಡು ಮರಳಿಗೆ ಬಿದ್ದಾಗ ಪುಟಿಯದೆ ಧೊಪ್ ಅಂತ ಕೂರುವುದೂ ಹಾಗೇ. ಪುಟಿತದ ಸಂಖ್ಯೆಯನ್ನು ಸೊನ್ನೆಯ ಹತ್ತಿರ ಇಟ್ಟಿದ್ದೆವು, ಅಷ್ಟೇ.

ಇದರಿಂದ ಎರಡು ವಿಷಯ. ಒಂದು, ಕ್ಯಾಡಿ_ಮಗ ಅವರ ಅಪ್ಪ ಹೇಳಿದ್ದು ಪೂರ್ತಿ ನಿಜ, ಆದರೆ ಆ ಜ್ಞಾನವನ್ನು ಇಂಥ ಆಟದವರು ಸ್ಪ್ಲಾಶ್ ಅನ್ನುವ ಒಂದು ಡಬ್ಬಿಯೊಳಗೆ ಹಾಕಿ ಮುಚ್ಚಿಬಿಟ್ಟಿರುತ್ತಾರೆ. ನಿಮ್ಮ ಕೈಗೆ ಬಿಟ್ಟಿರುವುದು ಎಷ್ಟು ಬಲ, ಎಲ್ಲಿಗೆ, ಎಷ್ಟು ನೇರ, ಇಷ್ಟೇ. ಎರಡು, ಒಂದೇ ಥರ ಎರಡು ಸಲ ಹೊಡೆದರೂ ಬೇರೆ ಬೇರೆ ಕಡೆ ಬೀಳಬಹುದು. ಹಾಗಾಗಿ ಒಂದು ಹೊಡೆತ ನೋಡಿ ಪಾಠ ಕಲಿಯಬೇಡಿ. ಒಂದೇ ಜಾಗದಿಂದ ಒಂದೇ ಬಲದಲ್ಲಿ ಇಪ್ಪತ್ತು ಹೊಡೆಯಿರಿ, ಆಮೇಲೆ ಸರಾಸರಿ ನೋಡಿ.

ಮೂರ್_ಕ್ಲಿಕ್

ಇಪ್ಪತ್ತು ಹೊಡೆತ ಹೊಡೆದು ಸರಾಸರಿ ಬರೆಯುವುದಾ? ನಾವು ಆಟ ಆಡುತ್ತಿದ್ದೇವಾ, ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದೇವಾ?

ಇರಲಿ. ಮೂರು ಕ್ಲಿಕ್ಕಿನವರಿಗೆ ನನ್ನದೊಂದು ಮಾತು. ಮೊದಲ ಕ್ಲಿಕ್‌ಗೆ ಶುರು, ಎರಡನೆಯದಕ್ಕೆ ಬಲ, ಮೂರನೆಯದಕ್ಕೆ ನೇರ. ಬಂಕರ್‌ನಲ್ಲಿ ಬಲದ ಪಟ್ಟಿ ಅರ್ಧಕ್ಕೇ ನಿಲ್ಲಿಸುವುದರಿಂದ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸಮಯವೇ ಸಿಗುವುದಿಲ್ಲ. ಬೆರಳು ತಯಾರಾಗುವಷ್ಟರಲ್ಲಿ ಗೆರೆ ದಾಟಿರುತ್ತದೆ. ನಾನು ಮಾಡುವುದು, ಲಾಫ್ಟ್ ಜಾಸ್ತಿ ಇರುವ ಕ್ಲಬ್ ತೆಗೆದುಕೊಂಡು ಪಟ್ಟಿಯನ್ನು ಮುಕ್ಕಾಲರವರೆಗೆ ಬಿಡುತ್ತೇನೆ. 60 ಡಿಗ್ರಿ ಲಾಬ್ ವೆಡ್ಜ್ ಇದ್ದರೆ ಒಳ್ಳೆಯದು. ಚೆಂಡು ಎತ್ತರಕ್ಕೆ ಹೋಗುತ್ತದೆ, ದೂರ ಅಷ್ಟೇ ಇರುತ್ತದೆ, ಬೆರಳಿಗೆ ಉಸಿರಾಡಲು ಸಮಯ ಸಿಗುತ್ತದೆ.

ಟಿವಿಗೆ ಜೋಡಿಸಿ ಆಡುವವರು ಟಿವಿಯ ಗೇಮ್ ಮೋಡ್ ಆನ್ ಮಾಡಿ. ನಾನು ಆರು ತಿಂಗಳು ನನ್ನ ಬೆರಳನ್ನೇ ಬೈದುಕೊಂಡೆ. ಚಿತ್ರ ತಡವಾಗಿ ಬರುತ್ತಿತ್ತು.

ಹಳೇ_ಫ್ಲಾಪಿ

ಮೂರು ಕ್ಲಿಕ್ ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಮಕ್ಕಳೇ, ಇದು 1984ರ ನಿಂಟೆಂಡೋ ಗಾಲ್ಫ್‌ನ ಪದ್ಧತಿ. ಅದರ ಪ್ರೋಗ್ರಾಂ ಬರೆದವರು ಸಟೋರು ಇವಾಟಾ, ಆಮೇಲೆ ಅದೇ ಕಂಪನಿಯ ಅಧ್ಯಕ್ಷರಾದವರು. ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಟಿವಿ ಗೇಮ್‌ನ ಹಳದಿ ಕ್ಯಾಸೆಟ್ಟಿನಲ್ಲಿ ಆ ಆಟ ಇತ್ತು. ಮೀಸೆ ಮಾಮನ ಗಾಲ್ಫ್ ಅನ್ನುತ್ತಿದ್ದೆವು. ಗಾಲ್ಫ್ ಅಂದರೆ ಏನು ಅಂತ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಂಕರ್ ಅಂದರೆ ಹೊಲದ ಬದು ಅಂದುಕೊಂಡಿದ್ದೆವು.

ಆಮೇಲೆ ಕೆಲಸಕ್ಕೆ ಸೇರಿದ ಮೇಲೆ ಲಿಂಕ್ಸ್. ಆಕ್ಸೆಸ್ ಸಾಫ್ಟ್‌ವೇರ್ ಅನ್ನುವ ಅಮೆರಿಕದ ಕಂಪನಿಯದು, 1990ರ ಆಟ. ಅದರ ಮುಂದಿನದು ಲಿಂಕ್ಸ್ 386 ಪ್ರೊ, 1992. ಒಂದು ಹೊಡೆತ ಹೊಡೆದರೆ ಮುಂದಿನ ನೋಟವನ್ನು ಕಂಪ್ಯೂಟರ್ ಪಟ್ಟಿ ಪಟ್ಟಿಯಾಗಿ ಬಿಡಿಸುತ್ತಿತ್ತು. ಮೊದಲು ಆಕಾಶ, ಆಮೇಲೆ ದೂರದ ಮರ, ಆಮೇಲೆ ಹುಲ್ಲು. ನಮ್ಮ ಆಫೀಸಿನ ಹಳೇ ಯಂತ್ರದಲ್ಲಿ ಅಷ್ಟೊತ್ತಿಗೆ ಒಂದು ಬೈಟು ಕಾಫಿ ಮುಗಿಯುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ತಿಳಿ ಬಣ್ಣ ಬಂತು ಅಂದರೆ ಮರಳು. ಹೊಡೆತ ಎಲ್ಲಿ ಬಿತ್ತು ಅನ್ನುವುದು ನಿಧಾನವಾಗಿ, ಚೂರು ಚೂರೇ ಗೊತ್ತಾಗುವ ಆ ಹಿಂಸೆ ಈಗಿನವರಿಗೆ ಸಿಗುವುದಿಲ್ಲ.

386 ಪ್ರೊ ಜೊತೆಗೆ ಬರುತ್ತಿದ್ದದ್ದು ಹಾರ್ಬರ್ ಟೌನ್ ಕೋರ್ಸ್, ದಕ್ಷಿಣ ಕೆರೊಲಿನಾದ್ದು. ಪೀಟ್ ಡೈ ವಿನ್ಯಾಸ. 13ನೇ ಹೋಲ್‌ನಲ್ಲಿ ಗ್ರೀನ್ ಸುತ್ತ ಬಂಕರ್, ಅದರ ಗೋಡೆಗೆ ಮರದ ಹಲಗೆ. ಆ ಹಲಗೆಗಳ ಯೋಚನೆ ಅವರ ಹೆಂಡತಿ ಆಲಿಸ್ ಡೈ ಅವರದು. ನನಗೆ ಆ ಹೋಲ್ ಅಂದರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಮಳೆಕಾಡು

ಹಳೇ_ಫ್ಲಾಪಿ ಸಾರ್, ಆಫೀಸಿನ ಯಂತ್ರದಲ್ಲಿ ಅಂದಿರಾ?

ಹಳೇ_ಫ್ಲಾಪಿ

ನಿವೃತ್ತಿ ಆಗಿದೆ. ಈಗ ಯಾರೂ ಏನೂ ಮಾಡುವ ಹಾಗಿಲ್ಲ.

ಹತ್ತೊಂಬತ್ತನೇ_ಹೋಲ್

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ ಗ್ರೀನ್ ಪಕ್ಕದ ಬಂಕರ್ ತೊಂದರೆ ಇಲ್ಲ. ಫೇರ್‌ವೇ ಪಕ್ಕದ್ದು ತೊಂದರೆ. ಇನ್ನೂ 140 ಯಾರ್ಡ್ ಇರುತ್ತದೆ, ಚೆಂಡು ಮರಳಿನಲ್ಲಿ. ಅಲ್ಲಿ ಸ್ಪ್ಲಾಶ್ ಹೊಡೆದರೆ ಇಪ್ಪತ್ತು ಯಾರ್ಡ್ ಹೋಗಿ ಕೂರುತ್ತದೆ. ಏನು ಮಾಡಬೇಕು?

ಡಬಲ್_ಬೋಗಿ

ಅದು ಬೇರೆಯೇ ಆಟ. ಅಲ್ಲಿ ಸ್ಪ್ಲಾಶ್ ಮರೆತುಬಿಡಿ. ನಾರ್ಮಲ್ ಹೊಡೆತವೇ ಸರಿ. ನಿಜದ ಗಾಲ್ಫ್‌ನಲ್ಲೂ ಹಾಗೇ, ಅಲ್ಲಿ ಮೊದಲು ಚೆಂಡಿಗೆ ಹೊಡೆಯಬೇಕು, ಮರಳಿಗಲ್ಲ.

ಲೆಕ್ಕ ಹೀಗೆ ಹಾಕಿ. ಲೈ 80ರಿಂದ 90 ಅಂತ ತೋರಿಸುತ್ತಿದೆ ಅಂದುಕೊಳ್ಳಿ. ನಡುವಿನದು 85. 140ನ್ನು 0.85ರಿಂದ ಭಾಗಿಸಿದರೆ ಸುಮಾರು 165. ಅಂದರೆ ಹುಲ್ಲಿನ ಮೇಲೆ 165 ಹೋಗುವ ಕ್ಲಬ್ ಬೇಕು. ಇಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಚೀಟಿಯಲ್ಲಿ 80 ಬಂದರೆ 132, 90 ಬಂದರೆ 148. ಹದಿನಾರು ಯಾರ್ಡಿನ ವ್ಯತ್ಯಾಸ! ಹಾಗಾಗಿ ಬಾವುಟ ನೋಡಬೇಡಿ, ಗ್ರೀನ್ ಉದ್ದಕ್ಕೆ ಎಲ್ಲಿ ಜಾಸ್ತಿ ಇದೆ ನೋಡಿ. ಮುಂದೆ ನೀರು ಇದ್ದರೆ 80 ಬರುತ್ತದೆ ಅಂತಲೇ ನಂಬಿ ಕ್ಲಬ್ ಆರಿಸಿ.

ಇದೆಲ್ಲಕ್ಕಿಂತ ಮೊದಲು ಅಂಚು. 165ರ ಕ್ಲಬ್ಬಿಗೆ ಲಾಫ್ಟ್ ಕಡಿಮೆ. ಚೆಂಡು ಎದುರಿನ ಅಂಚಿಗೆ ಅಂಟಿಕೊಂಡಿದ್ದರೆ ಅದು ದಾಟುವುದಿಲ್ಲ. ಆಗ ಲೆಕ್ಕ ಎಲ್ಲ ಬಿಸಾಕಿ, ಅಂಚು ದಾಟುವ ಕ್ಲಬ್ ತೆಗೆದುಕೊಂಡು ಹೋದಷ್ಟು ದೂರ ಹೋಗಲಿ ಅಂತ ಹೊಡೆಯಿರಿ. ಒಂದು ಸ್ಟ್ರೋಕ್ ಹೋಯಿತು ಅಂದುಕೊಳ್ಳುವುದು ಕಷ್ಟ, ಗೊತ್ತು. ಆದರೆ ಮೂರು ಹೋಗುವುದಕ್ಕಿಂತ ವಾಸಿ.

ಮೂರ್_ಕ್ಲಿಕ್

ಚೀಟಿ, ಚೀಟಿ ಅನ್ನುತ್ತಿದ್ದೀರಿ. ಹಾಗಾದರೆ ಇದು ಅದೃಷ್ಟದ ಆಟ ಆಯಿತಲ್ಲ? ನಾನು ಸರಿಯಾಗಿ ಹೊಡೆದೂ ಕಂಪ್ಯೂಟರ್ ಕೆಟ್ಟ ಸಂಖ್ಯೆ ಕೊಟ್ಟರೆ ನನ್ನ ತಪ್ಪೇನು?

ಚಳಿ_ಊರಿನವಳು

ಇಸ್ಪೀಟಿನಲ್ಲೂ ಎಲೆ ನಿಮ್ಮ ಕೈಯಲ್ಲಿಲ್ಲ. ಆದರೂ ನಮ್ಮ ಅಜ್ಜಿ ಯಾವಾಗಲೂ ಗೆಲ್ಲುತ್ತಿದ್ದರು.

ನಿಜದ ಆಟದಲ್ಲೂ ಟೂರ್ ಆಟಗಾರರು ಗ್ರೀನ್ ಪಕ್ಕದ ಬಂಕರ್‌ನಿಂದ ಎರಡೇ ಹೊಡೆತದಲ್ಲಿ ಮುಗಿಸುವುದು ಸುಮಾರು ಅರ್ಧ ಸಲ ಮಾತ್ರ. ದಿನಾ ಅದೇ ಕೆಲಸ ಮಾಡುವವರಿಗೇ ಅರ್ಧ. ಎರಡು ತಿಂಗಳ ಬಂಕರ್_ಬಲಿ ಅವರಿಗೆ ಇನ್ನೆಷ್ಟು ಬೇಕು ಹೇಳಿ.

ಕ್ಯಾಡಿ_ಮಗ

ಅದೃಷ್ಟ ಅಂದರೆ ನೆನಪಾಯಿತು. 1986ರ ಪಿಜಿಎ ಚಾಂಪಿಯನ್‌ಶಿಪ್, ಇನ್ವರ್ನೆಸ್ ಕ್ಲಬ್. ಕೊನೆಯ ಹೋಲ್‌ನಲ್ಲಿ ಬಾಬ್ ಟ್ವೇ ಬಂಕರ್‌ನಿಂದ ಹೊಡೆದದ್ದು ನೇರ ಕುಳಿಗೆ ಬಿತ್ತು. ಗ್ರೆಗ್ ನಾರ್ಮನ್ ನೋಡುತ್ತಾ ನಿಂತುಬಿಟ್ಟ. ಅದು ಅದೃಷ್ಟವೇ? ಹೌದು. ಆದರೆ ಚೆಂಡು ಮೊದಲು ಗ್ರೀನ್ ಮೇಲೆ ಬೀಳಬೇಕಲ್ಲ, ಅದು ಅದೃಷ್ಟ ಅಲ್ಲ.

ಇನ್ನೊಂದು, ಇದು ಬಂಕರ್ ಹೊಡೆತ ಅಲ್ಲ, ಬಂಕರ್ ಹೊಟ್ಟೆನೋವು. 2010ರ ಅದೇ ಚಾಂಪಿಯನ್‌ಶಿಪ್, ವಿಸ್ಲಿಂಗ್ ಸ್ಟ್ರೇಟ್ಸ್ ಕೋರ್ಸ್. ಅಲ್ಲಿ ಸುಮಾರು ಸಾವಿರ ಬಂಕರ್. ಕೊನೆಯ ಹೋಲ್‌ನಲ್ಲಿ ಡಸ್ಟಿನ್ ಜಾನ್ಸನ್ ನಿಂತಿದ್ದ ಜಾಗವನ್ನು ಜನ ತುಳಿದು ತುಳಿದು ಅದು ಬಂಕರ್ ಅಂತಲೇ ಅವನಿಗೆ ಗೊತ್ತಾಗಲಿಲ್ಲ. ಹೊಡೆಯುವ ಮೊದಲು ಕ್ಲಬ್ಬನ್ನು ನೆಲಕ್ಕೆ ಊರಿದ. ಬಂಕರ್‌ನಲ್ಲಿ ಹಾಗೆ ಮಾಡಬಾರದು. ಎರಡು ಸ್ಟ್ರೋಕ್ ದಂಡ, ಪ್ಲೇಆಫ್ ಕೈತಪ್ಪಿತು. ಮಾರ್ಟಿನ್ ಕೈಮರ್ ಗೆದ್ದ. ಕಂಪ್ಯೂಟರ್‌ನಲ್ಲಿ ಕ್ಲಬ್ಬನ್ನು ನಾವು ಹಿಡಿಯುವುದೇ ಇಲ್ಲ, ಆ ಮಟ್ಟಿಗೆ ನಾವು ಬಚಾವ್.

ಮಳೆಕಾಡು

ಒಂದು ಅನುಮಾನ. ಮರಳು ಅಷ್ಟು ಕಷ್ಟ ಅಂದರೆ ಹಿಂದೆ ನಮ್ಮಲ್ಲಿ ಮರಳಿನ ಮೇಲೇ ಪಟ್ ಮಾಡುತ್ತಿದ್ದರಂತಲ್ಲ, ಅದು ಹೇಗೆ?

ಕ್ಯಾಡಿ_ಮಗ

ಹೌದು, ಅದಕ್ಕೆ ಬ್ರೌನ್ ಅನ್ನುತ್ತಿದ್ದರು. ನಮ್ಮ ದೇಶದ ಹಳೇ ಕೋರ್ಸುಗಳಲ್ಲಿ ಹುಲ್ಲಿನ ಗ್ರೀನ್ ಸಾಕಲು ನೀರು ಸಾಲದ ಕಡೆ ಮರಳಿಗೆ ಎಣ್ಣೆ ಕಲಸಿ ಗಟ್ಟಿಯಾಗಿ ಹರಡಿ ಅದರ ಮೇಲೆ ಕುಳಿ ಮಾಡುತ್ತಿದ್ದರು. ಬಂಕರ್ ಮರಳು ಪುಡಿಪುಡಿ, ಅದು ಗಾರೆ ನೆಲದ ಹಾಗೆ. ಚೆಂಡು ಹೂತುಕೊಳ್ಳುವುದಿಲ್ಲ, ಉರುಳುತ್ತದೆ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ, ಗೊತ್ತಲ್ಲ. ಅಷ್ಟು ಹಳೆಯ ಆಟ ನಮ್ಮ ಊರಿನಲ್ಲಿ. ಆದರೂ ಅಪ್ಪನ ಕಾಲದಲ್ಲಿ ನಮ್ಮಂಥವರು ಒಳಗೆ ಹೋಗುತ್ತಿದ್ದದ್ದು ಚೀಲ ಹೊರುವುದಕ್ಕೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಹಾಗೆ ಚೀಲ ಹೊತ್ತೇ ಆಟ ಕಲಿತವರು. ಆ ದಿನ ಅಪ್ಪ ಓಣಿಗೆಲ್ಲ ಮೈಸೂರುಪಾಕು ಹಂಚಿದರು. ವಿಷಯ ಎಲ್ಲಿಗೋ ಹೋಯಿತು, ಬಿಡಿ.

ಚಳಿ_ಊರಿನವಳು

ಹೋಗಲಿ ಬಿಡಿ, ಚೆನ್ನಾಗಿದೆ.

ನಾನಿರುವುದು ಸ್ಕಾಟ್ಲೆಂಡ್‌ನಲ್ಲಿ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಭಾನುವಾರ ಸಾಮಾನ್ಯವಾಗಿ ಆಟ ಇರುವುದಿಲ್ಲ. ಊರಿನ ಜನ ನಾಯಿ ಕರೆದುಕೊಂಡು ಅಡ್ಡಾಡುತ್ತಾರೆ, ನಾವೂ ಹೋಗಬಹುದು. 17ನೇ ಹೋಲ್‌ನ ರೋಡ್ ಬಂಕರ್ ಪಕ್ಕ ಹೋಗಿ ನಿಂತಿದ್ದೆ. ಕಂಪ್ಯೂಟರ್‌ನಲ್ಲಿ ನೋಡಿದಾಗ ಒಂದು ಗುಳಿ ಅಷ್ಟೇ ಅನ್ನಿಸುತ್ತದೆ. ಎದುರಿಗೆ ನಿಂತರೆ ಹುಲ್ಲಿನ ಹೆಂಟೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ. ಬಾವಿ ನೋಡಿದ ಹಾಗಾಗುತ್ತದೆ. ಗ್ರೀನ್ ಬೇರೆ ಅದರ ಕಡೆಗೇ ಬಾಗಿದೆ, ಹತ್ತಿರ ಬಂದ ಚೆಂಡನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ.

1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡು ಹೊಡೆತಕ್ಕೇ ಆ ಗ್ರೀನ್ ಮುಟ್ಟಿದ್ದರು. ಅಲ್ಲಿಂದ ಪಟ್ ಮಾಡಿದ್ದು ಉರುಳಿ ಈ ಬಂಕರ್‌ಗೆ ಬಿತ್ತು. ಹೊರಗೆ ಬರಲು ನಾಲ್ಕು ಹೊಡೆತ. ಒಟ್ಟು ಒಂಬತ್ತು. 2000ದಲ್ಲಿ ಡೇವಿಡ್ ಡುವಾಲ್‌ಗೂ ಅಲ್ಲೇ ನಾಲ್ಕು ಹೊಡೆತ ಬೇಕಾಯಿತು.

ಬಂಕರ್_ಬಲಿ ಅವರೇ, ನಿಮ್ಮದೂ ಒಂಬತ್ತು ಅಂದಿರಿ ಅಲ್ವಾ?

ಬಂಕರ್_ಬಲಿ

ಹೆಂಡತಿಗೆ ಇದನ್ನು ಓದಿ ಹೇಳಿದೆ. "ಅವರು ಓಪನ್‌ನಲ್ಲಿ ಆಡುತ್ತಿದ್ದರು, ನೀನು ಪೈಜಾಮದಲ್ಲಿ" ಅಂದಳು.

ಡಬಲ್_ಬೋಗಿ

ಅಂಥ ಕಡಿದಾದ ಗೋಡೆ ಇರುವ ಬಂಕರ್‌ಗೆ ಒಂದು ಮಾತು ಸೇರಿಸುತ್ತೇನೆ. ಸ್ಪ್ಲಾಶ್‌ಗೆ ಲಾಫ್ಟ್ ಪೂರ್ತಿ ಏರಿಸಿದರೂ ಗೋಡೆ ದಾಟುವುದಿಲ್ಲ ಅನ್ನಿಸಿದರೆ ಕ್ಯಾಮೆರಾ ಹಿಂದಕ್ಕೆ ತಿರುಗಿಸಿ ನೋಡಿ. ಪಕ್ಕದಲ್ಲೋ ಹಿಂದೆಯೋ ಗೋಡೆ ತಗ್ಗು ಇರುತ್ತದೆ. ಆ ಕಡೆಗೆ ಹೊಡೆದು ಹೊರಗೆ ಬನ್ನಿ. ಕುಳಿಗೆ ಬೆನ್ನು ಹಾಕಿ ಹೊಡೆಯುವುದು ಅವಮಾನ ಅನ್ನಿಸುತ್ತದೆ. ಅಲ್ಲಿ ದೊಡ್ಡ ದೊಡ್ಡವರೇ ಅದನ್ನು ಮಾಡುತ್ತಾರೆ.

ಇನ್ನು ನೀವು 2ಕೆ23ರಲ್ಲಿ ಆಟಗಾರನನ್ನು ಸೃಷ್ಟಿಸುವಾಗ ಯಾವ ಬಗೆ ಆರಿಸಿದ್ದೀರಿ? ಐದು ಬಗೆ ಇವೆ. ವುಡ್ಸ್‌ಮನ್ ಅನ್ನುವುದು ಕೆಟ್ಟ ಜಾಗದಿಂದ ಪಾರಾಗುವವರಿಗೆ. ಪವರ್‌ಹೌಸ್ ಆರಿಸಿದ್ದರೆ ದೂರ ಹೋಗುತ್ತೀರಿ, ದೂರದ ಬಂಕರ್‌ಗೆ ಹೋಗುತ್ತೀರಿ.

ಬಂಕರ್_ಬಲಿ

ಪವರ್‌ಹೌಸ್. ಸುಮ್ನಿರಿ.

ಬಂಕರ್_ಬಲಿ

ನಾಲ್ಕು ದಿನ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಮೂರ್_ಕ್ಲಿಕ್ ಅವರು ನಗಲಿ, ನಾನು ಲ್ಯಾಬ್ ರೆಕಾರ್ಡ್ ಬರೆದೇಬಿಟ್ಟೆ. ಅಭ್ಯಾಸದ ಜಾಗಕ್ಕೆ ಹೋಗಿ ಒಂದೇ ಬಂಕರ್‌ನಿಂದ ಸ್ಪ್ಲಾಶ್ ಹೊಡೆದೆ. ಕಾಲು ಎಳೆತ ಇಪ್ಪತ್ತು, ಅರ್ಧ ಎಳೆತ ಇಪ್ಪತ್ತು, ಮುಕ್ಕಾಲು ಇಪ್ಪತ್ತು. ಮಗಳ ಹಳೇ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಕಾಲು ಎಳೆತ ಕೆಲಸಕ್ಕೇ ಬರಲಿಲ್ಲ, ಇಪ್ಪತ್ತರಲ್ಲಿ ಏಳು ಹೊರಗೇ ಬರಲಿಲ್ಲ. ಅರ್ಧಕ್ಕೆ 8ರಿಂದ 12 ಯಾರ್ಡ್, ಜಾಸ್ತಿ ಸಲ 10ರ ಸುತ್ತ. ಮುಕ್ಕಾಲಿಗೆ 15ರಿಂದ 20. ಅಂದರೆ ನನಗೆ ಬೇಕಾದದ್ದು ಎರಡೇ ಹೊಡೆತ. ಹತ್ತಿರದ್ದಕ್ಕೆ ಅರ್ಧ, ದೂರದ್ದಕ್ಕೆ ಮುಕ್ಕಾಲು. ಕಾಲು ಎಳೆತವನ್ನು ಮರೆತುಬಿಟ್ಟೆ. ಕ್ಯಾಡಿ_ಮಗ ಅಣ್ಣ ಹೇಳಿದ "ಕೈ ಹಿಡಿಯುವುದು" ಅಂದರೆ ಇದೇ ಅಂತ ಹತ್ತನೇ ಹೊಡೆತಕ್ಕೆ ಗೊತ್ತಾಯಿತು.

ಆಮೇಲೆ ಅದೇ ಪಾರ್ 4ಕ್ಕೆ ಹೋದೆ. ಬೇಕಂತಲೇ ಅಲ್ಲ, ಆದರೂ ಮತ್ತೆ ಅದೇ ಬಂಕರ್‌ಗೆ ಬಿದ್ದೆ. ಸ್ಪ್ಲಾಶ್, ಅರ್ಧ ಎಳೆತ, ಗುರಿ ಬಾವುಟಕ್ಕಿಂತ ನಾಲ್ಕು ಯಾರ್ಡ್ ಈಚೆ. ಚೆಂಡು ಬಿದ್ದು, ಉರುಳಿ, ಎಂಟು ಅಡಿ ದೂರದಲ್ಲಿ ನಿಂತಿತು. ಪಟ್ ತಪ್ಪಿತು. ಐದು. ಒಂಬತ್ತರಿಂದ ಐದಕ್ಕೆ!

ಮೂರ್_ಕ್ಲಿಕ್

ನಗಲಿಲ್ಲ. ನೋಟ್‌ಬುಕ್ಕಿನ ಫೋಟೋ ಹಾಕಿ, ನಾನೂ ನನ್ನ ಪಟ್ಟಿಗೆ ಹಾಗೇ ಬರೆದುಕೊಳ್ಳುತ್ತೇನೆ.

ಕ್ಯಾಡಿ_ಮಗ

ಅಪ್ಪನಿಗೆ ಹೇಳಿದೆ. "ಕಂಪ್ಯೂಟರಲ್ಲೂ ಕುಂಟೆ ಎಳೀಬೇಕಾ?" ಅಂತ ಕೇಳಿದರು.

ಬಂಕರ್_ಬಲಿ

ಇಲ್ಲ ಅಂತ ಹೇಳಿ ಅಣ್ಣ, ತಾನೇ ಸರಿಹೋಗುತ್ತದೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಚೆಂಡು ಬಂಕರ್‌ನ ಹಿಂದಿನ ಇಳಿಜಾರಿನಲ್ಲಿ ನಿಂತರೆ, ಅಂದರೆ ನನ್ನ ನಿಲುವೇ ಮುಂದಕ್ಕೆ ಬಾಗಿದ್ದರೆ, ಸ್ಪ್ಲಾಶ್ ಕೂಡ ತಗ್ಗಿನಲ್ಲಿ ಹೊರಡುತ್ತದೆ. ಲಾಫ್ಟ್ ಏರಿಸಿದರೂ ಅಂಚಿಗೆ ಬಡಿಯುತ್ತಿದೆ.

ಡಬಲ್_ಬೋಗಿ

ಇಳಿಜಾರು ಎಷ್ಟಿದೆಯೋ ಅಷ್ಟು ಲಾಫ್ಟ್ ಕಳೆದುಹೋಗುತ್ತದೆ. 10 ಡಿಗ್ರಿ ಇಳಿಜಾರಿನಲ್ಲಿ ನಿಮ್ಮ 56 ಡಿಗ್ರಿ ವೆಡ್ಜ್ 46ರ ಕೆಲಸ ಮಾಡುತ್ತದೆ. ಲಾಬ್ ವೆಡ್ಜ್ ಹಾಕಿ, ಲಾಫ್ಟ್ ಏರಿಸಿ, ಮುಕ್ಕಾಲು ಎಳೆಯಿರಿ, ಜಾಸ್ತಿ ಉರುಳುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಮೊದಲೇ ಹೇಳಿದೆನಲ್ಲ, ಪಕ್ಕಕ್ಕೆ.

ಬಂಕರ್_ಬಲಿ

ಸರಿ, ಇವತ್ತು ರಾತ್ರಿ ಇಪ್ಪತ್ತು ಹೊಡೆದು ನೋಡುತ್ತೇನೆ. ನೋಟ್‌ಬುಕ್‌ನಲ್ಲಿ ಇನ್ನೂ ಹಾಳೆ ಇವೆ.